ಕಳೆದಿಲ್ಲ, ಆದರೂ ಸಿಗದ ಕಾಗದಗಳು



ಮಿಂಚಂಚೆಯ ಪೆಟ್ಟಿಗೆಯಲ್ಲಿ ಕಾಗದಗಳನ್ನು ಜೋಡಿಸಿಡುವ ಅಗತ್ಯವಿಲ್ಲ, ಬೇಕಾದಾಗ ಹುಡುಕಿಕೊಂಡರಾಯಿತು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಇಂಗ್ಲಿಷಿನಲ್ಲಿಯೇ ಬರೆದು ಇಂಗ್ಲಿಷಿನಲ್ಲಿಯೇ ಹುಡುಕುವವರಿಗೆ ಈ ಮಾತು ಬಹುಮಟ್ಟಿಗೆ ನಿಜ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಹೊರಟು ಎಲ್ಲೆಲ್ಲಿಯೋ ನೆಲೆಸಿರುವ ನಮ್ಮಂಥವರ ಕಾಗದಗಳ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಬರೆಯುವವರಾದ ನಾವೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ. ಸ್ವಲ್ಪ ದೀರ್ಘವಾಯಿತೆಂದು ಬೇಸರಿಸದೆ ಓದಬೇಕು.

ಮೊದಲು ಈ ಮಾತು ಎಲ್ಲಿಂದ ಬಂತೆಂಬುದನ್ನು ನೋಡೋಣ. 2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆ ಜಿಮೇಲನ್ನು ಪ್ರಕಟಿಸಿದಾಗ, ಹಾಟ್‌ಮೇಲ್ 2 ಮೆಗಾಬೈಟ್, ಯಾಹೂ 4 ಮೆಗಾಬೈಟ್ ಜಾಗವನ್ನಷ್ಟೇ ಉಚಿತವಾಗಿ ಕೊಡುತ್ತಿದ್ದವು. ಜಿಮೇಲ್ ಒಮ್ಮೆಲೇ ಒಂದು ಗಿಗಾಬೈಟ್ ಕೊಟ್ಟಿತು. ಅಲ್ಲಿಯವರೆಗೆ ವಾರಕ್ಕೊಮ್ಮೆ ಹಳೆಯ ಕಾಗದಗಳನ್ನು ಅಳಿಸುತ್ತಿದ್ದವರು ಅಂದಿನಿಂದ ಅಳಿಸುವುದನ್ನು ಬಿಟ್ಟರು. ಅಳಿಸದಿದ್ದ ಮೇಲೆ ರಾಶಿ ಬೆಳೆಯಿತು. ರಾಶಿ ಬೆಳೆದ ಮೇಲೆ ಹುಡುಕುವ ಸಾಧನ ಅನಿವಾರ್ಯವಾಯಿತು. ನಮ್ಮ ಸ್ವಂತ ಗಣಕದಲ್ಲಿಯೇ ಕಾಗದಗಳನ್ನು ಇರಿಸಿಕೊಳ್ಳುವವರಿಗೆ 2009ರಲ್ಲಿ ಥಂಡರ್‌ಬರ್ಡ್ ತಂತ್ರಾಂಶದ ಮೂರನೆಯ ಆವೃತ್ತಿ ಇಂಥದೇ ಶೋಧಸೌಲಭ್ಯವನ್ನು ತಂದಿತು. ಗಣಕದ ಒಳಹೊರಗನ್ನು ಬಲ್ಲವರು ಬಳಸುವ ನಾಟ್‌ಮಚ್ ಎಂಬ ಸ್ವತಂತ್ರ ತಂತ್ರಾಂಶವೂ ಅದೇ ವರ್ಷದ್ದು.

ಇವೆಲ್ಲ ಕೆಲಸ ಮಾಡುವ ಬಗೆ ಒಂದೇ. ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಮಕ್ಕಳು ಸೇರಿದ ಕ್ರಮದಲ್ಲಿ ಅದರಲ್ಲಿ ಹೆಸರುಗಳಿರುತ್ತವೆ. ಮೂವತ್ತು ವರ್ಷಗಳ ಮೇಲೆ ಯಾರಾದರೂ ಬಂದು ಜನ್ಮದಿನಾಂಕದ ದಾಖಲೆ ಕೇಳಿದರೆ, ಸೇರಿದ ವರ್ಷ ಗೊತ್ತಿಲ್ಲದಿದ್ದಲ್ಲಿ ಪುಟಪುಟವನ್ನೂ ತಿರುವಬೇಕು. ಯಾವನೋ ಪುಣ್ಯಾತ್ಮ ಗುಮಾಸ್ತ ಹೆಸರುಗಳನ್ನು ಅಕಾರಾದಿಯಾಗಿ ಬರೆದು, ಎದುರಿಗೆ ಕ್ರಮಸಂಖ್ಯೆ ನಮೂದಿಸಿ ಬೇರೆ ಪುಸ್ತಕ ಮಾಡಿಟ್ಟಿದ್ದರೆ ಕೆಲಸ ಎರಡು ನಿಮಿಷದ್ದು. ಶೋಧ ತಂತ್ರಾಂಶವು ಮಾಡುವುದು ಆ ಗುಮಾಸ್ತನ ಕೆಲಸವನ್ನೇ. ಪ್ರತಿಯೊಂದು ಕಾಗದವನ್ನೂ ಒಮ್ಮೆ ಓದಿ, ಪದಗಳಾಗಿ ಬಿಡಿಸಿ, ಯಾವ ಪದ ಯಾವ ಯಾವ ಕಾಗದಗಳಲ್ಲಿದೆ ಎಂಬ ಪದಸೂಚಿಯನ್ನು ಮೊದಲೇ ಸಿದ್ಧಮಾಡಿಟ್ಟಿರುತ್ತದೆ. ನಾವು ಎರಡು ಪದ ಕೊಟ್ಟರೆ ಎರಡೂ ಪಟ್ಟಿಗಳನ್ನು ತೆಗೆದು, ಎರಡರಲ್ಲಿಯೂ ಇರುವ ಕಾಗದಗಳನ್ನು ಮುಂದಿಡುತ್ತದೆ. ಕ್ಷಣದಲ್ಲಿ ಉತ್ತರ ಬರುವುದರ ಗುಟ್ಟು ಇಷ್ಟೇ: ಹುಡುಕುವ ಶ್ರಮ ಕೇಳುವುದಕ್ಕೆ ಮೊದಲೇ ಮುಗಿದಿರುತ್ತದೆ.

ಗುಮಾಸ್ತನಿಗೂ ಯಂತ್ರಕ್ಕೂ ವ್ಯತ್ಯಾಸವೊಂದಿದೆ. ಕೊಟ್ರೇಶಪ್ಪ ಎಂದು ಒಂದು ಕಡೆ, ಕೊಟ್ಟೂರೇಶಪ್ಪ ಎಂದು ಇನ್ನೊಂದು ಕಡೆ ಬರೆದಿದ್ದರೆ ಇಬ್ಬರೂ ಒಬ್ಬನೇ ಇರಬಹುದೆಂದು ನಮ್ಮ ಸೀಮೆಯ ಗುಮಾಸ್ತನಿಗೆ ಹೊಳೆಯುತ್ತದೆ. ಯಂತ್ರಕ್ಕೆ ಹೊಳೆಯುವುದಿಲ್ಲ, ಅದು ಅಕ್ಷರಕ್ಕೆ ಅಕ್ಷರವನ್ನು ಹೋಲಿಸುತ್ತದೆ. ನಮ್ಮ ಐದು ಊರುಗಳ ಹೆಸರುಗಳನ್ನೇ ತೆಗೆದುಕೊಂಡರೆ ಇದರಿಂದಾಗುವ ತೊಡಕೆಲ್ಲ ತಿಳಿಯುತ್ತದೆ.

ಕೂಡ್ಲಿಗಿ. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಸರ್ಕಾರಿ ಕಾಗದಗಳು ಕೆ, ಯು, ಡಿ ಎಂದು ಆರಂಭಿಸುತ್ತವೆ. ನಮ್ಮ ಹುಡುಗರು ಉಚ್ಚಾರಣೆಗೆ ಹತ್ತಿರವಾಗಲೆಂದು ಎರಡು ಓ ಹಾಕುತ್ತಾರೆ. ಒಂದನ್ನು ಕೊಟ್ಟು ಹುಡುಕಿದರೆ ಇನ್ನೊಂದು ಬರುವ ಭರವಸೆಯಿಲ್ಲ. ಕನ್ನಡದಲ್ಲಿಯೇ ಬರೆದರೆ ಈ ತೊಂದರೆ ತಪ್ಪುತ್ತದೆ, ಆದರೆ ಬೇರೊಂದು ಎದುರಾಗುತ್ತದೆ. ಕೂಡ್ಲಿಗಿಗೆ, ಕೂಡ್ಲಿಗಿಯಿಂದ, ಕೂಡ್ಲಿಗಿಯಲ್ಲಿ, ಕೂಡ್ಲಿಗಿಯವರು ಎಂಬಿವೆಲ್ಲ ಯಂತ್ರದ ಪಾಲಿಗೆ ಬೇರೆ ಬೇರೆ ಪದಗಳು. ಯಕಾರಾಗಮ ಸಂಧಿಯನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿಲ್ಲ! ಆ ಪಾಠವನ್ನು ಯಂತ್ರಕ್ಕೆ ಯಾರೂ ಮಾಡಿಲ್ಲದಿದ್ದರೆ ಅದು ಪದಾಂತ್ಯವನ್ನು ಬಿಡಿಸಲಾರದು.

ಕೊಟ್ಟೂರು. ಇಲ್ಲಿ ಲೋಪಸಂಧಿ. ಕೊಟ್ಟೂರಲ್ಲಿ, ಕೊಟ್ಟೂರಿಗೆ ಎನ್ನುವಾಗ ಕೊನೆಯ ಉಕಾರವೇ ಹೋಗುತ್ತದೆ. ಆದುದರಿಂದ ‘ಕೊಟ್ಟೂರು’ ಎಂದು ಪೂರ್ತಿ ಹೊಡೆದರೆ ಇವು ಸಿಗಲಾರವು. ಇದರ ಮೇಲೆ ಇನ್ನೊಂದು ವಿಶೇಷ. ಕೊಟ್ಟೂರೇಶ್ವರನ ಮೇಲಿನ ಭಕ್ತಿಯಿಂದ ನಮ್ಮ ಕಡೆ ಮನೆಗೊಬ್ಬ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಇದ್ದಾರೆ. ಒಂದೇ ತರಗತಿಯಲ್ಲಿ ಐವರು ಕೊಟ್ರೇಶರಿದ್ದ ವರ್ಷವೂ ಉಂಟು. ‘ಕೊಟ್ರೇಶ’ ಎಂದು ಹುಡುಕಿದರೆ ಪೆಟ್ಟಿಗೆಯ ಕಾಲುಭಾಗವೇ ಎದ್ದುಬರುತ್ತದೆ. ಸಿಗದಿರುವುದು ಒಂದು ಕಷ್ಟವಾದರೆ, ಬೇಡದ್ದೆಲ್ಲ ಸಿಗುವುದು ಇನ್ನೊಂದು.

ಹಗರಿಬೊಮ್ಮನಹಳ್ಳಿ. ಇಷ್ಟುದ್ದದ ಹೆಸರನ್ನು ಪೂರ್ತಿ ಬರೆಯುವ ತಾಳ್ಮೆ ಯಾರಿಗಿದೆ? ಹೆಚ್.ಬಿ. ಹಳ್ಳಿ, ಎಚ್ಬಿ ಹಳ್ಳಿ, ಹಗರಿ ಬೊಮ್ಮನಹಳ್ಳಿ ಎಂದು ಒಬ್ಬೊಬ್ಬರದು ಒಂದೊಂದು ರೂಪ. ನಡುವೆ ಚುಕ್ಕಿ ಬಂದರೆ ಅನೇಕ ತಂತ್ರಾಂಶಗಳು ಅಲ್ಲಿಗೆ ಪದ ಮುಗಿಯಿತೆಂದು ತಿಳಿಯುತ್ತವೆ. ಉಳಿದದ್ದು ‘ಹಳ್ಳಿ’ ಮಾತ್ರ. ಕರ್ನಾಟಕದಲ್ಲಿ ‘ಹಳ್ಳಿ’ ಎಂದು ಹುಡುಕುವುದೂ ಹುಡುಕದಿರುವುದೂ ಒಂದೇ.

ಹಡಗಲಿ. ಮಲ್ಲಿಗೆಯ ಊರಾದ್ದರಿಂದ ಹೂವಿನಹಡಗಲಿ. ಕೆಲವರು ಎರಡು ಪದವಾಗಿ ಬಿಡಿಸಿ ಬರೆದರೆ, ಕೆಲವರು ಸಮಾಸಮಾಡಿ ಕೂಡಿಸಿ ಬರೆಯುತ್ತಾರೆ. ಪದದ ಆರಂಭದಿಂದ ಹೋಲಿಸುವ ಯಂತ್ರಕ್ಕೆ, ಕೂಡಿಸಿ ಬರೆದ ಹೂವಿನಹಡಗಲಿಯೊಳಗಿನ ಹಡಗಲಿ ಕಾಣುವುದೇ ಇಲ್ಲ.

ಹರಪನಹಳ್ಳಿ. ಇಲ್ಲಿ ಅಕ್ಷರ ಬದಲಾಗದಿದ್ದರೂ ವಿಳಾಸ ಬದಲಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು; 2018ರಲ್ಲಿ ಬಳ್ಳಾರಿಗೆ ಮರಳಿತು; 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ 2014ರ ನವೆಂಬರ್ 1ರಿಂದ ಬದಲಾಯಿತು. ಇಂದು ‘ವಿಜಯನಗರ ಜಿಲ್ಲೆ’ ಎಂದು ಹುಡುಕುವ ಮೊಮ್ಮಗನಿಗೆ 2005ರಲ್ಲಿ ಅಜ್ಜ ಬರೆದ ಒಂದು ಕಾಗದವೂ ಸಿಗಲಾರದು.

ಇದು ಗಣಕ ತಂದ ಹೊಸ ಕಷ್ಟವೆಂದು ತಿಳಿಯಬೇಡಿ. ಮೈಸೂರು ಸೀಮೆಯ ಶಾಸನಗಳನ್ನು ಅರಸುವವರು ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆಯುತ್ತಾರೆ. ಆದರೆ 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನ ಆಡಳಿತಕ್ಕೆ ಸೇರಿದ್ದವರು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲದ ಶಾಸನಗಳನ್ನು ನೋಡಬೇಕಾದರೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟಕ್ಕೆ ಹೋಗಬೇಕು. ಸಾವಿರ ವರ್ಷ ಹಿಂದಿನ ಕಲ್ಲು ಅಲ್ಲಿಯೇ ಇದೆ, ಓದಿ ಅಚ್ಚುಹಾಕಿದ್ದೂ ಆಗಿದೆ. ಆದರೂ ಎಲ್ಲಿ ಕೇಳಬೇಕೆಂದು ತಿಳಿಯದವನ ಪಾಲಿಗೆ ಅದು ಇಲ್ಲದಂತೆಯೇ.

ಇಷ್ಟೆಲ್ಲ ಯೂನಿಕೋಡಿನಲ್ಲಿ ಬರೆದ ಕನ್ನಡದ ಮಾತಾಯಿತು. ಅದಕ್ಕಿಂತ ಹಿಂದಿನ ರಾಶಿಯ ಸ್ಥಿತಿ ಇನ್ನೂ ಕಠಿಣ. ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಅಕ್ಷರವಿನ್ಯಾಸವೂ ಬಂತು. ಆದರೂ ನಾವೆಲ್ಲ ಎಷ್ಟೋ ವರ್ಷ ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಬರೆದೆವು. ಕನ್ನಡಕ್ಕೆ ಬೇರೆ ದಾರಿಯೇ ಕಾಣದಿದ್ದ ದಿನಗಳಲ್ಲಿ ಆ ತಂತ್ರಾಂಶಗಳು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅವುಗಳ ಹಳೆಯ ವಿಧಾನದಲ್ಲಿ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ರೂಪವನ್ನು ತೊಡಿಸಲಾಗುತ್ತಿತ್ತು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅದೇ ಕಾಗದ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತದೆ. ಯಂತ್ರವು ಪದಸೂಚಿ ಮಾಡುವುದೂ ಆ ಗೀಚುಗಳದ್ದೇ. ನೀವು ಎಷ್ಟೇ ಶುದ್ಧವಾಗಿ ‘ಕೂಡ್ಲಿಗಿ’ ಎಂದು ಕೇಳಿದರೂ ಅದು ಇಲ್ಲವೆನ್ನುತ್ತದೆ. ಇನ್ನು ಕೈಬರಹವನ್ನು ಫೋಟೋ ತೆಗೆದು ಲಗತ್ತಿಸಿದವರ ಕಾಗದಗಳು. ಸಾಮಾನ್ಯ ಶೋಧಕ್ಕೆ ಅವು ಬರಿಯ ಚಿತ್ರಗಳು.

ಯೂನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಇಡಬೇಕಾಗುತ್ತದೆ. ಒಬ್ಬರು ಇಡುತ್ತಾರೆ, ಇನ್ನೊಬ್ಬರು ಇಡುವುದಿಲ್ಲ. ಆ ಗುರುತನ್ನು ಲೆಕ್ಕಕ್ಕೆ ಹಿಡಿಯುವ ತಂತ್ರಾಂಶಕ್ಕೆ ಅವು ಎರಡು ಬೇರೆ ಹೆಸರುಗಳು.

ಇವೆಲ್ಲ ಬರಿಯ ತಾಂತ್ರಿಕ ಚರ್ಚೆ, ನಮಗೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಹೆಸರು ಹೇಳದೆ ಒಂದು ಸಂಗತಿಯನ್ನು ತಿಳಿಸುತ್ತೇನೆ. ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದು ನನ್ನಲ್ಲಿ ಓದಿ, ಅಮೆರಿಕ ಸೇರಿದ ವಿದ್ಯಾರ್ಥಿಯೊಬ್ಬರು 2004ರಿಂದ ಹನ್ನೆರಡು ವರ್ಷ ನನಗೆ ನಿಯಮಿತವಾಗಿ ಬರೆಯುತ್ತಿದ್ದರು. ಅವರು ಅಕಾಲದಲ್ಲಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಅವರ ಮಗಳು ನನಗೆ ಬರೆದಳು. ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿ; ಕನ್ನಡ ಆಡುತ್ತಾಳೆ, ಓದಲು ಬಾರದು. ‘ಅಪ್ಪ ತಮ್ಮ ಅಮ್ಮನ ಬಗ್ಗೆ ನಿಮಗೆ ಏನಾದರೂ ಬರೆದಿದ್ದರೇ, ಅಜ್ಜಾ? ನಾನು ಅಜ್ಜಿಯನ್ನು ನೋಡಿಲ್ಲ’ ಎಂಬುದು ಅವಳ ಪ್ರಶ್ನೆ. ತಂದೆಯ ಪೆಟ್ಟಿಗೆಯ ಗುಪ್ತಪದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಕಾಗದಗಳಿದ್ದದ್ದು ನನ್ನಲ್ಲಿ ಮಾತ್ರ.

ಕಳುಹಿಸಿದವರ ಹೆಸರಿನಿಂದ ಕಾಗದಗಳು ಕೂಡಲೇ ದೊರೆತವು, ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ‘ಅಮ್ಮ’ ಎಂದು ಹುಡುಕಿದರೆ ಒಂದೂ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಸೀಮೆಯ ಮಗ ‘ಅವ್ವ’ ಎನ್ನುತ್ತಾನೆ. ಅದನ್ನೂ ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಎರಡು ವಿ ಹಾಕಿ, ಒಮ್ಮೆ ಎರಡು ಡಬ್ಲ್ಯು ಹಾಕಿ ಬರೆದಿದ್ದರು. ಹಳೆಯವು ಕೆಲವು ಬರಹದ ಸಂಕೇತದಲ್ಲಿದ್ದವು. ಒಂದೊಂದು ರೂಪವನ್ನೂ ಬೇರೆ ಬೇರೆ ಕೊಟ್ಟ ಮೇಲೆ ಮೂವತ್ತರಷ್ಟು ಸಿಕ್ಕವು. ಅವ್ವನ ಮೊಣಕಾಲು ನೋವು, ಶೇಂಗಾ ಬೆಳೆ ಕೈಕೊಟ್ಟ ವರ್ಷ, ಕಳಿಸಿದ ಹಣವನ್ನು ಅವ್ವ ಖರ್ಚುಮಾಡದೆ ಕಟ್ಟಿಟ್ಟಿದ್ದು, ಎಲ್ಲವೂ ಅವುಗಳಲ್ಲಿತ್ತು.

ಆದರೆ ಆ ಮಗಳು ಓದಲೇಬೇಕಾದ ಕಾಗದ ಈ ಮೂವತ್ತರಲ್ಲಿ ಇರಲಿಲ್ಲ. ತಾಯಿ ತೀರಿಕೊಂಡ ಮರುವರ್ಷ ಬರೆದ ಅದರಲ್ಲಿ ಇದ್ದುದು ನಾಲ್ಕೇ ಸಾಲು: ರಸ್ತೆ ಅಗಲಮಾಡುವವರು ತಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಗುರುತು ಹಾಕಿದ್ದಾರಂತೆ, ನಾನು ಆ ಕಡೆ ಹೋದರೆ ಮರ ಇದೆಯೋ ಇಲ್ಲವೋ ನೋಡಿ ತಿಳಿಸಬೇಕಂತೆ. ಅವ್ವ ಎಂಬ ಪದ ಅದರಲ್ಲಿ ಯಾವ ಕಾಗುಣಿತದಲ್ಲಿಯೂ ಇಲ್ಲ. ಆ ಮರದ ಬುಡದಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದ ತಾಯಿಯನ್ನು ಕಂಡಿದ್ದವನಾದ್ದರಿಂದ ಅದು ಯಾರ ಬಗ್ಗೆ ಬರೆದ ಕಾಗದವೆಂದು ನನಗೆ ತಿಳಿಯಿತು. ವರ್ಷದಿಂದ ವರ್ಷಕ್ಕೆ ಸಾಲಾಗಿ ಓದಿದ್ದರಿಂದ ಅದು ಕೈಗೆ ಬಂತು. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವುದು ಒಂದೇ ಮಾತು. ಅದು ಮಳೆಯದೋ ಬೆಳೆಯದೋ ಎಂದು ಅರ್ಥ ಹಚ್ಚುವವರು ಕೆಳಗೆ ನಿಂತು ಕೇಳಿದ ಜನ. ಕಾಗದಗಳ ವಿಷಯವೂ ಹಾಗೆಯೇ.

ತಂತ್ರಾಂಶ ಕ್ಷೇತ್ರದಲ್ಲಿರುವ ನನ್ನ ವಿದ್ಯಾರ್ಥಿಗಳು ಇದಕ್ಕೆ ಉತ್ತರ ಹೇಳುತ್ತಾರೆ: ‘ಗುರುಗಳೇ, ಅದು ಹಳೆಯ ಮಾತು; ಈಗಿನ ಕೃತಕ ಬುದ್ಧಿಮತ್ತೆ ಅಕ್ಷರವನ್ನಲ್ಲ, ಅರ್ಥವನ್ನೇ ಹುಡುಕುತ್ತದೆ; ಅಮ್ಮ ಎಂದರೆ ಅವ್ವನನ್ನೂ ತರುತ್ತದೆ.’ ಅವರ ಮಾತಿನಲ್ಲಿ ಸತ್ಯಾಂಶವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೂ ಮೂರು ಮಾತುಗಳನ್ನು ಅವರ ಮುಂದಿಡುತ್ತೇನೆ. ಒಂದು, ಯಾವ ಬುದ್ಧಿಮತ್ತೆಯಾದರೂ ಕಾಗದ ಉಳಿದಿದ್ದರೆ ತಾನೇ ಓದಬೇಕು? ಗೂಗಲ್ ಸಂಸ್ಥೆ 2023ರ ನಿಯಮದಲ್ಲಿ, ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಒಳಗಿನ ಕಾಗದಗಳ ಸಮೇತ ಅಳಿಸಬಹುದೆಂದು ಸಾರಿದೆ. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಮುಚ್ಚಿತು. ತೀರಿಕೊಂಡವರ ಪೆಟ್ಟಿಗೆಯನ್ನು ಬಳಸುವವರು ಯಾರು? ಎರಡು, ಬೇವಿನ ಮರದ ಅರ್ಥ ಆ ಕಾಗದದಲ್ಲಿ ಇರಲಿಲ್ಲ. ಬರೆದವನ ಮತ್ತು ಓದಿದವನ ನೆನಪಿನಲ್ಲಿತ್ತು. ಮೂರು, ಎಲ್ಲವನ್ನೂ ಯಂತ್ರದ ಮುಂದೆ ಸುರಿಯುವುದು ನ್ಯಾಯವೂ ಅಲ್ಲ. ಆ ಇನ್ನೂರು ಕಾಗದಗಳಲ್ಲಿ ಬೇರೆಯವರ ಮನೆಯ ಜಗಳ, ಸಾಲ, ಸಂಬಂಧಗಳ ಮಾತೂ ಇದ್ದವು. ಅವುಗಳನ್ನು ತೆಗೆದಿಟ್ಟು ಉಳಿದವನ್ನು ಮಾತ್ರ ಆ ಹುಡುಗಿಗೆ ಕಳುಹಿಸಿದೆ. ನಂಬಿ ಬರೆದವನ ಮಾತಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಕಷ್ಟದ ಕೆಲಸವೇನೂ ಇಲ್ಲ.

ಕನ್ನಡವನ್ನು ಕನ್ನಡ ಲಿಪಿಯಲ್ಲಿ, ಯೂನಿಕೋಡಿನಲ್ಲಿ ಬರೆಯಿರಿ. ಈಗ ದೂರವಾಣಿಯಲ್ಲಿಯೇ ಕೀಲಿಮಣೆ ಇರುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ತಡವರಿಸುವುದೇಕೆ? ವಿಷಯದ ಸಾಲನ್ನು ಖಾಲಿ ಬಿಡಬೇಡಿ. ‘ಹಾಯ್’, ‘ನಮಸ್ಕಾರ’ ಎಂದೂ ಬರೆಯಬೇಡಿ. ಊರಿನ ಪೂರ್ಣ ಹೆಸರು, ವ್ಯಕ್ತಿಯ ಹೆಸರು, ವರ್ಷ, ಇವು ಮೂರನ್ನು ಪ್ರತ್ಯಯ ಹಚ್ಚದೆ ಪ್ರಥಮಾ ವಿಭಕ್ತಿಯಲ್ಲಿಯೇ ಬರೆಯಿರಿ. ‘ಹಗರಿಬೊಮ್ಮನಹಳ್ಳಿ, ಅವ್ವ, ಆಸ್ಪತ್ರೆ, 2012’ ಎಂಬ ಒಂದು ಸಾಲು ಮುಂದೆ ಹುಡುಕುವವರಿಗೆ ಮಾಡುವ ದೊಡ್ಡ ಉಪಕಾರ. ಫೋಟೋ ಕಳುಹಿಸಿದರೆ ಅದರಲ್ಲಿರುವವರ ಹೆಸರುಗಳನ್ನು ಕೆಳಗೆ ಬರೆಯಿರಿ.

ಹುಡುಕುವಾಗ ಪದಕ್ಕಿಂತ ಮೊದಲು ವ್ಯಕ್ತಿಯನ್ನೂ ಕಾಲವನ್ನೂ ಹಿಡಿಯಿರಿ. ಕಳುಹಿಸಿದವರು ಯಾರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಲಗತ್ತು ಇದೆಯೇ ಎಂದು ಕೇಳುವ ಅನುಕೂಲ ಜಿಮೇಲಿನಲ್ಲಿಯೂ ಉಳಿದವುಗಳಲ್ಲಿಯೂ ಇದೆ. ಇವುಗಳಿಗೆ ಸಂಧಿ ವಿಭಕ್ತಿಗಳ ಕಾಟವಿಲ್ಲ. ಥಂಡರ್‌ಬರ್ಡಿನ ‘ಕ್ವಿಕ್ ಫಿಲ್ಟರ್’ ಪದದ ತುಣುಕನ್ನೂ ಹುಡುಕಬಲ್ಲದು. ಅಲ್ಲಿ ‘ಕೊಟ್ಟೂರ’ ಎಂದು ಕೊಟ್ಟರೆ ಕೊಟ್ಟೂರು, ಕೊಟ್ಟೂರಿಗೆ, ಕೊಟ್ಟೂರಲ್ಲಿ ಎಲ್ಲವೂ ಬರುತ್ತವೆ. ‘ಹಡಗಲಿ’ ಎಂದರೆ ಹೂವಿನಹಡಗಲಿಯೂ ಬರುತ್ತದೆ. ಮುಖ್ಯವಾದ ಕಾಗದಗಳ ಪ್ರತಿಯೊಂದನ್ನು ಸ್ವಂತ ಗಣಕದಲ್ಲಿ ಇಳಿಸಿಕೊಳ್ಳಿ. ಹಳೆಯ ಬರಹ, ನುಡಿ ಸಂಕೇತದ ಕಾಗದಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಓದಬಲ್ಲವರು ಇರುವಾಗಲೇ ತಿರುಗಿಸಿ ತಪ್ಪು ತಿದ್ದಿಡಿ. ನಿಮ್ಮ ಖಾತೆ ನಿಷ್ಕ್ರಿಯವಾದರೆ ಯಾರಿಗೆ ಏನು ಸೇರಬೇಕೆಂದು ಮೊದಲೇ ಸೂಚಿಸುವ ಏರ್ಪಾಡನ್ನು ಗೂಗಲ್ 2013ರಿಂದಲೇ ಒದಗಿಸಿದೆ. ಹೊಲಮನೆಯ ಪತ್ರ ಎಲ್ಲಿದೆಯೆಂದು ಮಕ್ಕಳಿಗೆ ಹೇಳುವವರು ಇದನ್ನೂ ಹೇಳಿ.

ತಂತ್ರಾಂಶ ಮಾಡುವವರಿಗೂ ಒಂದು ಮಾತು. ಇಂಗ್ಲಿಷ್ ಪದಗಳ ಬಾಲವನ್ನು ಕತ್ತರಿಸಿ ಮೂಲರೂಪ ಹಿಡಿಯುವ ಕ್ರಮವನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿಯೇ ಪ್ರಕಟಿಸಿದರು. ನಮ್ಮ ಸಂಧಿ ವಿಭಕ್ತಿಗಳನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಗಳಾಗಿ ಕಟ್ಟಿಕೊಟ್ಟಿದ್ದಾನೆ. ಸೂತ್ರಗಳಿಗೆ ಕೊರತೆಯಿಲ್ಲ, ಅವುಗಳನ್ನು ಯಂತ್ರಕ್ಕೆ ಕಲಿಸಿ ದಿನಬಳಕೆಯ ಅಂಚೆಪೆಟ್ಟಿಗೆಯವರೆಗೆ ತರುವವರು ಬೇಕು. ಸಾಧ್ಯವಿಲ್ಲವೆನ್ನಬೇಡಿ. ‘ವಚನ ಸಂಚಯ’ವೆಂಬ ಯೋಜನೆಯಲ್ಲಿ ಕೆಲವೇ ಮಂದಿ ಉತ್ಸಾಹಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು, ಯಾವ ಪದ ಯಾವ ವಚನದಲ್ಲಿದೆಯೆಂದು ಹುಡುಕುವಂತೆ ಮಾಡಿದ್ದಾರೆ. ಶರಣರ ಮಾತಿಗೆ ದೊರೆತ ಪದಸೂಚಿ ನಮ್ಮ ನಿಮ್ಮ ಮಾತಿಗೂ ದೊರೆಯಲಿ. ಇದು ನನ್ನ ವಿದ್ಯಾರ್ಥಿಗಳಲ್ಲಿಯೇ ಒಬ್ಬರಿಂದ ಆದರೆ ನನಗಿಂತ ಸಂತೋಷಪಡುವವರು ಇರಲಾರರು.

ನನಗೆ ಬರೆದ ನಿಮ್ಮ ಹಳೆಯ ಕಾಗದಗಳು ನಿಮ್ಮಲ್ಲಿ ಇಲ್ಲವಾಗಿದ್ದರೆ ಊರು, ವರ್ಷ ತಿಳಿಸಿ ಕೇಳಿರಿ. ನನ್ನಲ್ಲಿರುವುದನ್ನು ಹುಡುಕಿ ಕಳುಹಿಸುತ್ತೇನೆ. ಕಣ್ಣು ಮೊದಲಿನಂತಿಲ್ಲ, ಸ್ವಲ್ಪ ನಿಧಾನವಾಗಬಹುದು. ಎಲ್ಲರಿಗೂ ಶುಭವಾಗಲಿ.